ಸಾವಿರ ಬಂತು, ಆರುನೂರು ಎಲ್ಲಿ ಹೋಯಿತು?

2023ರ ಸೆಪ್ಟೆಂಬರ್ 15ರಂದು ತಮಿಳುನಾಡು ಸರ್ಕಾರ ‘ಕಲೈಞರ್ ಮಗಳಿರ್ ಉರಿಮೈ ತೊಗೈ’ ಯೋಜನೆ ಶುರು ಮಾಡಿತು. ಮನೆ ನಡೆಸುವ ಹೆಂಗಸಿನ ಖಾತೆಗೆ ತಿಂಗಳಿಗೆ 1,000 ರೂಪಾಯಿ. ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಕಾಂಚೀಪುರದಲ್ಲಿ ಚಾಲನೆ ಕೊಟ್ಟರು, ಒಂದು ಕೋಟಿಗೂ ಹೆಚ್ಚು ಮಹಿಳೆಯರ ಖಾತೆಗೆ ಹಣ ಹೊರಟಿತು. ಆದರೆ ಆ ಮೊದಲ ಸಾವಿರವೇ ಕೆಲವರ ಕೈಗೆ ಪೂರ್ತಿ ಸಿಗಲಿಲ್ಲ. ಮಿನಿಮಮ್ ಬ್ಯಾಲೆನ್ಸ್ ಇಟ್ಟಿಲ್ಲ, ಹಳೇ ಚಾರ್ಜು ಬಾಕಿ ಇದೆ ಎಂದು ಕೆಲವು ಬ್ಯಾಂಕುಗಳು ಬಂದ ಹಣವನ್ನು ಬಂದ ಹಾಗೆಯೇ ಮುರಿದುಕೊಂಡಿದ್ದವು. ಹಾಗೆ ಮಾಡುವುದಿಲ್ಲವೆಂದು ಮೊದಲೇ ಒಪ್ಪಿಕೊಂಡಿದ್ದೀರಿ ಎಂದು ರಾಜ್ಯದ ಹಣಕಾಸು ಸಚಿವ ತಂಗಂ ತೆನ್ನರಸು ಬ್ಯಾಂಕುಗಳಿಗೆ ಬಹಿರಂಗವಾಗಿಯೇ ಹೇಳಬೇಕಾಯಿತು. ದುಡ್ಡು ಮುರಿದಿದ್ದರೆ 1100ಕ್ಕೆ ಫೋನ್ ಮಾಡಿ ದೂರು ಕೊಡಿ ಎಂದು ಹೆಂಗಸರಿಗೂ ಹೇಳಿದರು.

ಆ ಖಾತೆಗಳಲ್ಲಿ ಬಾಕಿ ಹುಟ್ಟಿದ್ದು ಹೇಗೆ? ಅದಕ್ಕೆ ಉತ್ತರ ಸಿಗಬೇಕಾದರೆ ಮತ್ತಿಗಿರಿಯಂಥ ಊರನ್ನು ನೋಡಬೇಕು. ಹೊಸೂರಿನ ಪಕ್ಕದ, ಈಗ ಹೊಸೂರಿನೊಳಗೇ ಸೇರಿಹೋಗಿರುವ ಈ ಊರಲ್ಲಿ ಮನೆಗೊಬ್ಬರಾದರೂ ಕಂಪನಿಗೆ ಹೋಗುವವರಿದ್ದಾರೆ. ಕಾಂಟ್ರಾಕ್ಟರ್ ಬದಲಾದರೆ ಬ್ಯಾಂಕೂ ಬದಲು. ಒಂದು ಕಂಪನಿ ಒಂದು ಬ್ಯಾಂಕಿನಲ್ಲಿ ಸಂಬಳದ ಖಾತೆ ತೆಗೆಸುತ್ತದೆ, ಎರಡು ವರ್ಷ ಬಿಟ್ಟು ಸೇರಿದ ಕಂಪನಿ ಇನ್ನೊಂದರಲ್ಲಿ. ಹಳೇ ಖಾತೆಯನ್ನು ಯಾರೂ ಮುಚ್ಚುವುದಿಲ್ಲ, ಎಟಿಎಂ ಕಾರ್ಡು ಬೀರುವಿನಲ್ಲಿ ಬಿದ್ದಿರುತ್ತದೆ. ಸಂಬಳ ಬರುತ್ತಿರುವ ತನಕ ಆ ಖಾತೆಗೆ ಮಿನಿಮಮ್ ಬ್ಯಾಲೆನ್ಸಿನ ಹಂಗಿಲ್ಲ. ಸಾಮಾನ್ಯವಾಗಿ ಮೂರು ತಿಂಗಳು ಸಂಬಳ ಬೀಳದಿದ್ದರೆ ಬ್ಯಾಂಕು ಅದನ್ನು ಮಾಮೂಲಿ ಉಳಿತಾಯ ಖಾತೆ ಮಾಡಿಬಿಡುತ್ತದೆ. ಅಲ್ಲಿಂದ ಮೀಟರು ಓಡಲು ಶುರು. ಈ ಖಾತೆಗೆ ಆಧಾರ್ ಜೋಡಿಸಿದ್ದರೆ ಸರ್ಕಾರದ ದುಡ್ಡು, ಗ್ಯಾಸ್ ಸಬ್ಸಿಡಿ ಎಲ್ಲ ಅಲ್ಲಿಗೇ ಹೋಗಿ ಬೀಳುತ್ತದೆ. ಮನೆಯವರಿಗೆ ನೆನಪೇ ಇಲ್ಲದ ಖಾತೆಗೆ ಸಾವಿರ ಬಂದು, ಅಲ್ಲೇ ಕರಗಿರುತ್ತದೆ.

ಮೇಲಾಗಿ ಭಾಷೆಯ ತೊಡಕು. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು, ಬ್ಯಾಂಕಿನಿಂದ ಬರುವ ಮೆಸೇಜು ಮಾತ್ರ ಇಂಗ್ಲಿಷ್. ‘ನಿಮ್ಮ ಖಾತೆಯಲ್ಲಿ ಹಣ ಕಡಿಮೆಯಿದೆ, ತಿಂಗಳೊಳಗೆ ತುಂಬಿಸಿ’ ಎಂಬ ನೋಟಿಸು ಸಾಲದ ಜಾಹೀರಾತುಗಳ ನಡುವೆ ಬಂದು ಕೆಳಗೆ ಸರಿದುಹೋಗಿರುತ್ತದೆ.

ಅಮೆರಿಕದಲ್ಲಿ ಮಗ ಸೊಸೆ ಇರುವವರು ‘ಓವರ್‌ಡ್ರಾಫ್ಟ್ ಫೀ’ ಎಂಬ ಮಾತು ಕೇಳಿರುತ್ತಾರೆ. ಅಲ್ಲಿ ಖಾತೆಯಲ್ಲಿ ದುಡ್ಡಿಲ್ಲದಿದ್ದರೂ ಬ್ಯಾಂಕು ತಾನೇ ಕೊಟ್ಟು, ಆ ಉಪಕಾರಕ್ಕೆ ಒಂದೊಂದು ಸಲಕ್ಕೂ 35 ಡಾಲರಿನಂತೆ ಕೀಳುವ ಪದ್ಧತಿ ಬಹುಕಾಲ ನಡೆದಿದೆ. ಬ್ರಿಟನ್ನಿನಲ್ಲಿ 2020ರ ಏಪ್ರಿಲ್‌ನಿಂದ ಇಂಥ ದಿನದ ದಂಡಗಳನ್ನು ನಿಲ್ಲಿಸಿ, ಬಡ್ಡಿ ಮಾತ್ರ ಹಾಕಬೇಕೆಂದು ನಿಯಮ ಮಾಡಿದರು. ನಮ್ಮ ಉಳಿತಾಯ ಖಾತೆಯ ಕಥೆ ತಿರುಗಾಮುರುಗಾ. ಇಲ್ಲಿ ಬ್ಯಾಂಕು ಕೊಡುವುದಿಲ್ಲ. ಕೊಡಲಿಲ್ಲವೆಂಬುದಕ್ಕೇ ಚಾರ್ಜು ಹಾಕುತ್ತದೆ.

ಇದು ಸಣ್ಣ ಬಾಬತ್ತೇನಲ್ಲ. 2018ರಿಂದೀಚೆಗೆ ಸರ್ಕಾರಿ ಬ್ಯಾಂಕುಗಳು ಮತ್ತು ಐದು ದೊಡ್ಡ ಖಾಸಗಿ ಬ್ಯಾಂಕುಗಳು ಸೇರಿ ಸುಮಾರು 35,000 ಕೋಟಿ ರೂಪಾಯಿಯನ್ನು ಈ ಬಗೆಯ ಚಾರ್ಜುಗಳಲ್ಲಿ ವಸೂಲು ಮಾಡಿವೆ ಎಂದು 2023ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರವೇ ರಾಜ್ಯಸಭೆಗೆ ತಿಳಿಸಿತು. ಅದರಲ್ಲಿ 21,000 ಕೋಟಿ ಮಿನಿಮಮ್ ಬ್ಯಾಲೆನ್ಸ್ ಇಡದವರಿಂದ ಬಂದದ್ದು. ಇಡಲು ಇದ್ದವರು ಇಟ್ಟಿರುತ್ತಿದ್ದರು.

ಮೊದಲು ಪಾಸ್‌ಬುಕ್ ಹಾಕಿಸಿ

ಕೈ ಬಿಗಿಯಿದ್ದಾಗ ದುಡ್ಡು ಮುರಿದದ್ದು ಕಂಡರೆ ಸಿಟ್ಟಿನಲ್ಲಿ ಬ್ಯಾಂಕಿಗೆ ಓಡುತ್ತೇವೆ, ಕೌಂಟರಿನಲ್ಲಿ ಜಗಳ ಆಗುತ್ತದೆ, ಕೆಲಸ ಆಗುವುದಿಲ್ಲ. ಹೋದದ್ದನ್ನು ಕೇಳುವುದು ಎರಡನೇ ಕೆಲಸ. ಮೊದಲನೆಯದು ಮುಂದಿನ ಕತ್ತರಿ ನಿಲ್ಲಿಸುವುದು. ಈ ಚಾರ್ಜುಗಳು ಒಂದೇ ಬಾರಿ ಬಂದು ಸುಮ್ಮನಾಗುವುದಿಲ್ಲ, ಇನ್ನೊಂದನ್ನು ಕರೆತರುತ್ತವೆ.

ಹಾಗಾಗಿ ಪಾಸ್‌ಬುಕ್ ಎಂಟ್ರಿ ಹಾಕಿಸಿ, ಇಲ್ಲವೇ ಮೊಬೈಲಿನಲ್ಲಿ ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆಯಿರಿ. ‘ಸಿಎಚ್‌ಜಿ’, ‘ಸಿಎಚ್‌ಆರ್‌ಜಿ’ ಎಂಬ ಇಂಗ್ಲಿಷ್ ಅಕ್ಷರ ಇರುವ ಸಾಲೆಲ್ಲ ಚಾರ್ಜು. ಅದರ ಅಕ್ಕಪಕ್ಕ ‘ಎಂಎಬಿ’ ಅಥವಾ ‘ಎಎಂಬಿ’ ಇದ್ದರೆ ಮಿನಿಮಮ್ ಬ್ಯಾಲೆನ್ಸಿನದು. ‘ಎಸಿಎಚ್’, ‘ಎನ್‌ಎಸಿಎಚ್’, ‘ಇಸಿಎಸ್’ ಜೊತೆಗೆ ‘ರಿಟರ್ನ್’ ಎಂದಿದ್ದರೆ ಕಂತು ಬೌನ್ಸ್ ಆದದ್ದು. ಮೊತ್ತ ನೋಡಿದರೂ ಗೊತ್ತಾಗುತ್ತದೆ. 590, 295, 236, 118 ಇಂಥ ಸಂಖ್ಯೆಗಳು ಕಂಡರೆ ಅದು 500, 250, 200, 100ರ ಮೇಲೆ ಶೇ 18 ಜಿಎಸ್‌ಟಿ ಸೇರಿದ ಲೆಕ್ಕ.

ಎಲ್ಲ ಕಡಿತವೂ ಬ್ಯಾಂಕಿನ ಚಾರ್ಜಲ್ಲ ಎಂಬುದನ್ನೂ ನೋಡಿಕೊಳ್ಳಿ. ಮೇ ಕೊನೆಯಲ್ಲಿ 436 ರೂಪಾಯಿ ಹೋಗಿದ್ದರೆ ಅದು ಪ್ರಧಾನಮಂತ್ರಿ ಜೀವನ್ ಜ್ಯೋತಿ ವಿಮೆಯ ಕಂತು, 20 ರೂಪಾಯಿ ಹೋಗಿದ್ದರೆ ಸುರಕ್ಷಾ ಬಿಮಾ. ಖಾತೆ ತೆಗೆಯುವಾಗ ಸಹಿ ಹಾಕಿಸಿಕೊಂಡಿರುತ್ತಾರೆ. ಮನೆಯ ದುಡಿಯುವ ಜೀವಕ್ಕೆ 436 ರೂಪಾಯಿಗೆ ಎರಡು ಲಕ್ಷದ ವಿಮೆ ಎಂದರೆ ನಾನಂತೂ ನಿಲ್ಲಿಸಿ ಎನ್ನುವುದಿಲ್ಲ. ಆದರೆ ಒಬ್ಬರಿಗೆ ಒಂದೇ ಖಾತೆಯಿಂದ ಹೋಗಬೇಕು. ಎರಡು ಮೂರು ಬ್ಯಾಂಕಿನಲ್ಲಿ ಸಹಿ ಹಾಕಿದ್ದರೆ ಪ್ರತಿಯೊಂದರಿಂದಲೂ ಹೋಗುತ್ತಿರಬಹುದು. ಸತ್ತಾಗ ಸಿಗುವುದು ಮಾತ್ರ ಒಂದೇ ವಿಮೆ.

ಕಂತು ತಪ್ಪಿದ ದಿನ

ಬಡವರ ಖಾತೆಯನ್ನು ನಿಜವಾಗಿ ಸೀಳುವುದು ಕಂತಿನ ಬೌನ್ಸ್, ಆದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ನೋಡೋಣ.

ಗಾಡಿ ಸಾಲದ ಕಂತು 3,200 ರೂಪಾಯಿ, ಪ್ರತಿ ತಿಂಗಳು 5ನೇ ತಾರೀಖು. ಸಂಬಳ ಬರುವುದು 7ಕ್ಕೆ. ಐದರಂದು ಖಾತೆಯಲ್ಲಿ 2,900 ಇದೆ ಎಂದಿಟ್ಟುಕೊಳ್ಳಿ. ಮುನ್ನೂರು ಕಡಿಮೆ. ಕಂತು ವಾಪಸ್. ಬ್ಯಾಂಕಿನ ರಿಟರ್ನ್ ಚಾರ್ಜು ತೆರಿಗೆ ಸೇರಿ 590. ಸಾಲ ಕೊಟ್ಟ ಫೈನಾನ್ಸ್ ಕಂಪನಿಯ ಬೌನ್ಸ್ ಚಾರ್ಜು 450. ಫೈನಾನ್ಸಿನವರು ಎರಡು ದಿನ ಬಿಟ್ಟು ಕಂತನ್ನು ಮತ್ತೆ ಖಾತೆಗೆ ಹಾಕುತ್ತಾರೆ. ಅಷ್ಟರಲ್ಲಿ ಬ್ಯಾಂಕು 590 ಮುರಿದಿರುವುದರಿಂದ ಖಾತೆಯಲ್ಲಿ ಇರುವುದು 2,310. ಸಂಬಳ ಅರ್ಧ ದಿನ ತಡವಾದರೂ ಸಾಕು, ಮತ್ತೆ ವಾಪಸ್, ಮತ್ತೆ 590. ಮುನ್ನೂರು ಇಲ್ಲದ್ದಕ್ಕೆ 1,630 ಹೋಯಿತು, ಕಂತು ಹಾಗೇ ನಿಂತಿದೆ. ಚಾರ್ಜಿನ ದರ ಬ್ಯಾಂಕಿಂದ ಬ್ಯಾಂಕಿಗೆ ಬೇರೆ, ಆದರೆ ಹಾಕುವ ರೀತಿ ಇದೇ.

ಹಿಂದೆ ಭಾನುವಾರ, ಹಬ್ಬದ ರಜೆ ಎಂದರೆ ಕಂತು ಮರುದಿನಕ್ಕೆ ಹೋಗುತ್ತಿತ್ತು. 2021ರ ಆಗಸ್ಟ್ 1ರಿಂದ ಕಂತು ಎಳೆಯುವ ಈ ವ್ಯವಸ್ಥೆ ವರ್ಷದ ಎಲ್ಲ ದಿನವೂ ನಡೆಯುತ್ತದೆ. ದೀಪಾವಳಿ ದಿನ ಬ್ಯಾಂಕಿನ ಬಾಗಿಲು ಹಾಕಿದ್ದರೂ ಕಂತು ಹೋಗುತ್ತದೆ. ಚೆಕ್ಕಿನ ಕಥೆಯೂ ಹಾಗೆಯೇ. 2025ರ ಅಕ್ಟೋಬರ್ 4ರಿಂದ ಚೆಕ್ಕು ಅದೇ ದಿನ ಪಾಸಾಗುವ ಏರ್ಪಾಡು ಬಂದಿದೆ. ‘ಇವತ್ತು ಚೆಕ್ ಕೊಟ್ಟರೆ ನಾಡಿದ್ದು ತಾನೇ ಹೋಗೋದು’ ಎಂಬ ಹಳೇ ಲೆಕ್ಕ ಇನ್ನು ನಡೆಯದು.

ಹಾಗಾದರೆ ಏನು ಮಾಡಬೇಕು? ಕಂತು ತಪ್ಪುವ ಸೂಚನೆ ಸಿಕ್ಕ ದಿನವೇ ಸಾಲ ಕೊಟ್ಟವರಿಗೆ ಫೋನ್ ಮಾಡಿ, ಬರಹದಲ್ಲೂ ತಿಳಿಸಿ. ಎರಡು ಮಾತು ಕೇಳಿ: ಈ ತಿಂಗಳ ಕಂತನ್ನು ನೇರವಾಗಿ ಯುಪಿಐ ಮೂಲಕ ಅಥವಾ ಆಫೀಸಿನಲ್ಲಿ ಕಟ್ಟುತ್ತೇನೆ, ಖಾತೆಗೆ ಮತ್ತೆ ಹಾಕಬೇಡಿ, ಮುಂದಿನ ತಿಂಗಳಿಂದ ಕಂತಿನ ದಿನಾಂಕವನ್ನು ಸಂಬಳದ ನಂತರಕ್ಕೆ ಬದಲಿಸಿ. ಸಂಬಳ 7ಕ್ಕೆ ಬರುವವನಿಗೆ 5ನೇ ತಾರೀಖಿನ ಕಂತು ಮೊದಲಿಗೇ ಕೂಡಿಬರುವ ಮಾತಲ್ಲ. ಗಾಡಿ ಶೋರೂಮಿನಲ್ಲಿ ಕಾಗದಕ್ಕೆ ಸಹಿ ಹಾಕುವ ಖುಷಿಯಲ್ಲಿ ಯಾರೂ ಇದನ್ನು ನೋಡುವುದಿಲ್ಲ. ಹತ್ತನೇ ತಾರೀಖಿಗೆ ಸರಿಸಿಕೊಂಡರೆ ವರ್ಷವಿಡೀ ನೆಮ್ಮದಿ. ಹೂವಿನ ತೋಟದವರಿಗೆ ತಿಂಗಳ ಸಂಬಳವಿಲ್ಲ. ಗುಲಾಬಿಗೆ ಫೆಬ್ರವರಿಯಲ್ಲಿ ಬೆಲೆ ಬಂದು ಆಷಾಢದಲ್ಲಿ ಕೇಳುವವರಿಲ್ಲದಾದಾಗ, ಕೈಯಲ್ಲಿ ದುಡ್ಡಿರುವ ತಿಂಗಳು ಎರಡು ಕಂತಿನಷ್ಟನ್ನು ಕಂತಿನ ಖಾತೆಯಲ್ಲಿಯೇ ಬಿಟ್ಟು, ಆ ಖಾತೆಯ ಕಾರ್ಡನ್ನು ಮನೆಯಲ್ಲಿಡುವುದು ಒಳ್ಳೆಯದು.

ದಿನ ಕಳೆದು ಬೌನ್ಸ್ ಆಗಿಯೇಬಿಟ್ಟರೆ, ಸಂಬಳ ಬಂದರೆ ಸರಿಹೋಗುತ್ತದೆ ಎಂದು ಸುಮ್ಮನೆ ಕಾಯಬೇಡಿ. ಮತ್ತೆ ಯಾವಾಗ ಹಾಕುತ್ತಾರೆಂದು ಕೇಳಿಕೊಂಡು ಅಂದು ಪೂರ್ತಿ ಮೊತ್ತ ಇರುವ ಹಾಗೆ ನೋಡಿಕೊಳ್ಳಿ. ಮೊದಲ ಬೌನ್ಸಿನ 590 ಹೋಗಿರುವುದನ್ನು ಸೇರಿಸಿ ಲೆಕ್ಕ ಹಾಕಿ. ಎರಡನೇ ಬೌನ್ಸ್ ಆಗುವುದು ಬಹುಪಾಲು ಇದನ್ನು ಮರೆತದ್ದರಿಂದ.

ಬ್ಯಾಂಕಿಗೆ ಹೋಗಿ ಕಂತಿನ ಆದೇಶವನ್ನೇ ರದ್ದು ಮಾಡಿಸಬಹುದು ಎಂದು ಕೆಲವರು ಹೇಳಿಕೊಡುತ್ತಾರೆ. ಮಾಡಿಸಬಹುದು ನಿಜ. ಆದರೆ ಸಾಲ ಹಾಗೇ ಇರುತ್ತದೆ, ಕಂತು ತಪ್ಪಿದ್ದು ಸಿಬಿಲ್ ದಾಖಲೆಗೆ ಹೋಗುತ್ತದೆ. ಅದಕ್ಕಿಂತ ದೊಡ್ಡದು, ಹಣವಿಲ್ಲದೆ ಹೀಗೆ ಕಂತು ವಾಪಸಾಗುವುದನ್ನು 2007ರ ಪಾವತಿ ಮತ್ತು ಇತ್ಯರ್ಥ ವ್ಯವಸ್ಥೆಗಳ ಕಾಯ್ದೆಯ 25ನೇ ಸೆಕ್ಷನ್ ಚೆಕ್ ಬೌನ್ಸಿನಷ್ಟೇ ಗಂಭೀರವಾಗಿ ನೋಡುತ್ತದೆ. ಎರಡು ವರ್ಷದ ಜೈಲಿಗೂ ಅವಕಾಶವಿದೆ. ಒಂದು ಕಂತು ತಪ್ಪಿದ ಮಾತ್ರಕ್ಕೆ ಹೆದರಬೇಕಿಲ್ಲ. ಮೊದಲು ನೋಟಿಸು ಬರಬೇಕು, ಬಂದ ಮೇಲೂ ಕಟ್ಟಲು 15 ದಿನ ಕೊಡಬೇಕು. ಆದರೆ ಅಂಥ ನೋಟಿಸು ರಿಜಿಸ್ಟರ್ ಪೋಸ್ಟಿನಲ್ಲಿ ಬಂದರೆ ತೆಗೆದುಕೊಳ್ಳದೆ ಕಳುಹಿಸಬೇಡಿ.

ಸಾಲ ಕೊಟ್ಟವರಿಗೂ ಕಟ್ಟುಪಾಡಿದೆ. ರಿಸರ್ವ್ ಬ್ಯಾಂಕು 2023ರ ಆಗಸ್ಟ್ 18ರಂದು ಹೊರಡಿಸಿದ ಆದೇಶದಂತೆ ಕಂತು ತಪ್ಪಿದ್ದಕ್ಕೆ ದಂಡವನ್ನು ಬಡ್ಡಿಯ ರೂಪದಲ್ಲಿ ಹಾಕುವ ಹಾಗಿಲ್ಲ. ಹಾಕಿದ ದಂಡವನ್ನು ಅಸಲಿಗೆ ಸೇರಿಸಿ ಅದರ ಮೇಲೂ ಬಡ್ಡಿ ಎಣಿಸುವ ಹಾಗಿಲ್ಲ. ಸಾಲದ ಸ್ಟೇಟ್‌ಮೆಂಟ್ ಕೇಳಿ ಪಡೆದು ಇದೊಂದನ್ನು ನೋಡಿ.

ಇನ್ನು ಕೈಸಾಲದ ಮಾತು. ಮುನ್ನೂರು ರೂಪಾಯಿ ಕಡಿಮೆ ಬಿದ್ದಾಗ ಪಕ್ಕದ ಮನೆಯ ಅಕ್ಕನ ಹತ್ತಿರವೋ ಸಂಘದಲ್ಲೋ ಎರಡು ದಿನಕ್ಕೆ ತೆಗೆದುಕೊಳ್ಳುವುದಕ್ಕೆ ನಾಚಿಕೆ ಪಡುವವರಿದ್ದಾರೆ. ನೂರಕ್ಕೆ ಐದು ರೂಪಾಯಿ ತಿಂಗಳ ಬಡ್ಡಿ ಕೊಟ್ಟರೂ ಮುನ್ನೂರಕ್ಕೆ 15 ರೂಪಾಯಿ. ಬೌನ್ಸಿನ ಸಾವಿರದ ಮುಂದೆ ಅದೇನೂ ಅಲ್ಲ. ಆದರೆ ಮೊಬೈಲಿನಲ್ಲಿ ‘ಐದು ನಿಮಿಷದಲ್ಲಿ ಸಾಲ’ ಎನ್ನುವ ಆ್ಯಪುಗಳ ಕಡೆ ಹೋಗಬೇಡಿ. 3,000 ಎಂದು ಹೇಳಿ 1,800 ಕೈಗೆ ಕೊಟ್ಟು, ವಾರದಲ್ಲಿ 3,000 ಕೇಳಿ, ಫೋನಿನಲ್ಲಿರುವ ನಂಬರಿಗೆಲ್ಲ ಕರೆ ಮಾಡಿ ಮಾನ ಕಳೆಯುವ ದಂಧೆ ಅದು.

ಮಿನಿಮಮ್ ಬ್ಯಾಲೆನ್ಸ್ ಎಂಬ ಲೆಕ್ಕ

5,000 ಇಡಬೇಕು ಎಂದರೆ ಪ್ರತಿದಿನವೂ 5,000 ಇರಬೇಕೆಂದು ಬಹಳ ಮಂದಿ ತಿಳಿದಿದ್ದಾರೆ. ಹೆಚ್ಚಿನ ಬ್ಯಾಂಕುಗಳು ನೋಡುವುದು ತಿಂಗಳ ಸರಾಸರಿಯನ್ನು. ಪ್ರತಿದಿನ ರಾತ್ರಿ ಖಾತೆಯಲ್ಲಿ ಉಳಿದ ಹಣವನ್ನು ಕೂಡಿ, ತಿಂಗಳ ದಿನಗಳಿಂದ ಭಾಗಿಸುತ್ತಾರೆ. 30 ದಿನಕ್ಕೆ 5,000 ಸರಾಸರಿ ಎಂದರೆ ಒಟ್ಟು ಮೊತ್ತ 1,50,000 ಆಗಬೇಕು. ಮೊದಲ 20 ದಿನ 2,000ದಂತೆ ಇದ್ದರೆ 40,000 ಆಯಿತು. ಉಳಿದ 1,10,000ವನ್ನು ಹತ್ತು ದಿನದಲ್ಲಿ ತುಂಬಬೇಕು, ಅಂದರೆ ದಿನಕ್ಕೆ 11,000. ಚೀಟಿ ಎತ್ತಿದ ದುಡ್ಡೋ ಹೂವು ಮಾರಿದ ದುಡ್ಡೋ ತಿಂಗಳ ಕೊನೆಗೆ ಬಂದರೆ, ಹತ್ತು ದಿನ ಅಲ್ಲಿ ಇಟ್ಟು ತೆಗೆದರೂ ಲೆಕ್ಕ ಸರಿಹೋಗುತ್ತದೆ. ದುಡ್ಡಿಲ್ಲದಿದ್ದರೆ ಈ ಗುಣಾಕಾರದಿಂದ ಪ್ರಯೋಜನವಿಲ್ಲ, ಮುಂದೆ ಹೇಳುವುದನ್ನು ನೋಡಿ.

ಈ ದಂಡಕ್ಕೆ ರಿಸರ್ವ್ ಬ್ಯಾಂಕು 2014ರ ನವೆಂಬರ್ 20ರಂದು ನಿಯಮ ಮಾಡಿತು. 2015ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಬ್ಯಾಂಕು ಮೊದಲು ಮೆಸೇಜು, ಇಮೇಲ್ ಅಥವಾ ಪತ್ರದ ಮೂಲಕ ತಿಳಿಸಬೇಕು. ಸರಿಪಡಿಸಿಕೊಳ್ಳಲು ಒಂದು ತಿಂಗಳು ಕೊಡಬೇಕು. ದಂಡ ಎಷ್ಟು ಕಡಿಮೆಯಾಗಿದೆಯೋ ಅದಕ್ಕೆ ತಕ್ಕ ಪ್ರಮಾಣದಲ್ಲಿರಬೇಕು. ಕೊರತೆಯ ಶೇ 6 ಎಂಬ ದರವಿದ್ದು, 3,000 ಕಡಿಮೆಯಾಗಿದ್ದರೆ 180, ತೆರಿಗೆ ಸೇರಿ 212 ರೂಪಾಯಿ 40 ಪೈಸೆ. 300 ಕಡಿಮೆಯಾದವನಿಗೂ ಇಷ್ಟೇ ಹಾಕಿದರೆ ಪ್ರಶ್ನಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು, ಈ ದಂಡ ಒಂದರಿಂದಲೇ ಖಾತೆ ಸೊನ್ನೆಗಿಂತ ಕೆಳಗೆ ಹೋಗಕೂಡದು. ‘ನಿಮ್ಮ ಖಾತೆ ಮೈನಸ್ 1,400 ಇದೆ, ಕಟ್ಟಿದರೆ ಮಾತ್ರ ಮುಚ್ಚುತ್ತೇವೆ’ ಎಂದು ಹೇಳಿದರೆ ಅದು ಯಾವ ಚಾರ್ಜಿನಿಂದ ಆದ ಮೈನಸ್ ಎಂದು ಸಾಲುಸಾಲಾಗಿ ಕೇಳಿ. ಪೂರ್ತಿ ಮಿನಿಮಮ್ ಬ್ಯಾಲೆನ್ಸಿನದೇ ಆಗಿದ್ದರೆ ನೀವು ಕಟ್ಟಬೇಕಾಗಿಲ್ಲ.

ಎರಡು ವರ್ಷ ನೀವು ಒಂದೂ ವ್ಯವಹಾರ ಮಾಡದ ಖಾತೆ ನಿಷ್ಕ್ರಿಯ ಖಾತೆ. ಅದಕ್ಕೆ ಈ ದಂಡವೇ ಇಲ್ಲ, ಮತ್ತೆ ಚಾಲೂ ಮಾಡಿಸಲೂ ಶುಲ್ಕವಿಲ್ಲ. ಬ್ಯಾಂಕು ತಾನೇ ಮುರಿದುಕೊಂಡ ಚಾರ್ಜು ನಿಮ್ಮ ವ್ಯವಹಾರದ ಲೆಕ್ಕಕ್ಕೆ ಬರುವುದಿಲ್ಲ. ಬೀರುವಿನಲ್ಲಿರುವ ಹಳೇ ಕಂಪನಿ ಖಾತೆಗಳನ್ನು ಈ ಕಣ್ಣಿನಿಂದ ಒಮ್ಮೆ ನೋಡಿ.

ಈಚೆಗೆ ಗಾಳಿ ಸ್ವಲ್ಪ ತಿರುಗಿದೆ. ಸ್ಟೇಟ್ ಬ್ಯಾಂಕು 2020ರ ಮಾರ್ಚ್‌ನಲ್ಲಿ ಎಲ್ಲ ಉಳಿತಾಯ ಖಾತೆಗಳಿಗೂ ಮಿನಿಮಮ್ ಬ್ಯಾಲೆನ್ಸಿನ ದಂಡ ಕೈಬಿಟ್ಟಿತು. ಕೆನರಾ ಬ್ಯಾಂಕು 2025ರ ಜೂನ್ 1ರಿಂದ, ಪಂಜಾಬ್ ನ್ಯಾಷನಲ್ ಬ್ಯಾಂಕು ಜುಲೈ 1ರಿಂದ, ಇಂಡಿಯನ್ ಬ್ಯಾಂಕು ಜುಲೈ 7ರಿಂದ ಬಿಟ್ಟವು. ಅದೇ ಹೊತ್ತಿಗೆ ಐಸಿಐಸಿಐ ಬ್ಯಾಂಕು ನಗರದ ಹೊಸ ಖಾತೆಗಳಿಗೆ 50,000 ಬೇಕೆಂದು ಹೇಳಿ, ಗಲಾಟೆಯಾದ ಮೇಲೆ ಕೆಲವೇ ದಿನಗಳಲ್ಲಿ 15,000ಕ್ಕೆ ಇಳಿಸಿತು. ಸರ್ಕಾರಿ ಬ್ಯಾಂಕಿನಲ್ಲಿ ಖಾತೆಯಿದ್ದು ಈಗಲೂ ಈ ಚಾರ್ಜು ಕಾಣುತ್ತಿದ್ದರೆ ಅದು ಹಳೇ ಬಾಕಿಯೋ ಹೊಸದೋ ಎಂದು ಕೇಳಿ.

ಖಾತೆಯನ್ನೇ ಬದಲಿಸಿಕೊಳ್ಳಿ

ತಿಂಗಳು ತಿಂಗಳು ಸಾವಿರ ಎರಡು ಸಾವಿರದಲ್ಲಿ ಏಗುವವರು ಮಿನಿಮಮ್ ಬ್ಯಾಲೆನ್ಸ್ ಲೆಕ್ಕ ಹಾಕುತ್ತಾ ಕೂರಬಾರದು. ಅದೇ ಬ್ಯಾಂಕಿನಲ್ಲಿ ಬಿಎಸ್‌ಬಿಡಿ ಖಾತೆ, ಅಂದರೆ ಮೂಲ ಉಳಿತಾಯ ಖಾತೆ, ಮಾಡಿಕೊಡಿ ಎಂದು ಅರ್ಜಿ ಕೊಡಬೇಕು. ಇದು ದಾನವಲ್ಲ. ಪ್ರತಿ ಬ್ಯಾಂಕೂ ಕೇಳಿದವರಿಗೆ ಕೊಡಲೇಬೇಕಾದ ಖಾತೆ. ಮಿನಿಮಮ್ ಬ್ಯಾಲೆನ್ಸ್ ಇಲ್ಲ, ಎಟಿಎಂ ಕಾರ್ಡಿಗೆ ವಾರ್ಷಿಕ ಶುಲ್ಕವಿಲ್ಲ, ಹಣ ಹಾಕಲು ಮಿತಿಯಿಲ್ಲ, ತಿಂಗಳಿಗೆ ಕನಿಷ್ಠ ನಾಲ್ಕು ಸಲ ಉಚಿತವಾಗಿ ತೆಗೆಯಬಹುದು. ನಿಬಂಧನೆ ಒಂದೇ: ಅದೇ ಬ್ಯಾಂಕಿನಲ್ಲಿ ಇನ್ನೊಂದು ಉಳಿತಾಯ ಖಾತೆ ಇಟ್ಟುಕೊಳ್ಳುವ ಹಾಗಿಲ್ಲ, ಇದ್ದರೆ 30 ದಿನದೊಳಗೆ ಮುಚ್ಚಬೇಕು.

ಕೌಂಟರಿನಲ್ಲಿ ‘ಅಂಥದ್ದು ನಮ್ಮಲ್ಲಿಲ್ಲ’ ಎನ್ನುವುದುಂಟು. ಬ್ಯಾಂಕಿಗೆ ಅದರಿಂದ ಆದಾಯವಿಲ್ಲ, ಆದ್ದರಿಂದ ತಾವಾಗಿ ಯಾರೂ ಹೇಳುವುದಿಲ್ಲ. ಬಾಯಿಮಾತಿನಲ್ಲಿ ಕೇಳಿ ವಾಪಸ್ ಬರಬೇಡಿ. ಎರಡು ಸಾಲಿನ ಅರ್ಜಿ ಬರೆದು, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಕಾಗದ ಕಂಡರೆ ಧ್ವನಿ ಬದಲಾಗುತ್ತದೆ. ಆಧಾರ್ ಕೊಟ್ಟು ಪೂರ್ತಿ ಕೆವೈಸಿ ಮಾಡಿಸಿ. ದಾಖಲೆ ಸರಿಯಿಲ್ಲದೆ ತೆಗೆದ ‘ಸಣ್ಣ ಖಾತೆ’ಯಲ್ಲಿ ತಿಂಗಳಿಗೆ 10,000ಕ್ಕಿಂತ ಹೆಚ್ಚು ತೆಗೆಯಲಾಗದು, 50,000ಕ್ಕಿಂತ ಹೆಚ್ಚು ಇಡಲಾಗದು.

ಈ ಖಾತೆಯಲ್ಲೂ ಕಣ್ಣಿಟ್ಟಿರಬೇಕು. ನಾಲ್ಕಕ್ಕಿಂತ ಹೆಚ್ಚಿನ ವ್ಯವಹಾರಕ್ಕೆ, ಅದು ಯುಪಿಐ ಆದರೂ, ಸ್ಟೇಟ್ ಬ್ಯಾಂಕು ಸಲಕ್ಕೆ 17 ರೂಪಾಯಿ 70 ಪೈಸೆಯಂತೆ ವಸೂಲು ಮಾಡಿದ್ದನ್ನು ಐಐಟಿ ಬಾಂಬೆಯ ಪ್ರಾಧ್ಯಾಪಕ ಆಶಿಶ್ ದಾಸ್ ಲೆಕ್ಕ ಹಾಕಿ ಹೊರಗೆಡವಿದರು. 2015ರಿಂದ 2020ರ ನಡುವೆ ಸುಮಾರು 12 ಕೋಟಿ ಮೂಲ ಖಾತೆಗಳಿಂದ 300 ಕೋಟಿ ರೂಪಾಯಿಗೂ ಹೆಚ್ಚು ಹೀಗೆ ಬಂದಿತ್ತು. ಯುಪಿಐ ಮತ್ತು ರುಪೇ ವ್ಯವಹಾರಕ್ಕೆ 2020ರ ಜನವರಿ 1ರ ನಂತರ ಪಡೆದ ಶುಲ್ಕವನ್ನು ಹಿಂದಿರುಗಿಸಿ ಎಂದು ಕೇಂದ್ರ ನೇರ ತೆರಿಗೆ ಮಂಡಳಿ ಬ್ಯಾಂಕುಗಳಿಗೆ ಹೇಳಿತು. ಹಲವರ ಹಣ ವಾಪಸು ಬಂತು.

ಜನಧನ್ ಖಾತೆಯೂ ಮೂಲ ಖಾತೆಯೇ. ಅದರಲ್ಲಿ ನಿಜವಾದ ಓವರ್‌ಡ್ರಾಫ್ಟ್ ಇದೆ ಎಂಬುದು ಅದನ್ನು ಇಟ್ಟುಕೊಂಡವರಿಗೇ ಹೆಚ್ಚು ಗೊತ್ತಿಲ್ಲ. ಆರು ತಿಂಗಳು ಸರಿಯಾಗಿ ನಡೆದ ಖಾತೆಗೆ, ಮನೆಗೊಬ್ಬರಿಗೆ, ಅದರಲ್ಲೂ ಮನೆಯ ಹೆಂಗಸಿಗೆ ಆದ್ಯತೆ ಕೊಟ್ಟು, 10,000 ರೂಪಾಯಿವರೆಗೆ ಕೊಡಬಹುದು. 2,000ದವರೆಗೆ ಷರತ್ತುಗಳಿಲ್ಲ. ವಯಸ್ಸು 18ರಿಂದ 65. ಬಡ್ಡಿ ಇರುತ್ತದೆ, ಆದರೆ ಬೀದಿ ಬಡ್ಡಿಯ ಹತ್ತಿರಕ್ಕೂ ಬರುವುದಿಲ್ಲ. ಮ್ಯಾನೇಜರುಗಳು ಇದನ್ನು ಕೊಡಲು ಹಿಂದೇಟು ಹಾಕುತ್ತಾರೆ. ಸರ್ಕಾರದ ಸಾವಿರವನ್ನೂ ಸಂಘದ ಉಳಿತಾಯವನ್ನೂ ಅದೇ ಖಾತೆಯಲ್ಲಿ ನಡೆಸಿದ್ದರೆ ಪಾಸ್‌ಬುಕ್ಕನ್ನು ಮುಂದಿಟ್ಟು ಕೇಳಲು ಬಲ ಬರುತ್ತದೆ.

ಸಣ್ಣಪುಟ್ಟ ಸೋರಿಕೆಗಳು ಇನ್ನೂ ಇವೆ. ಬೇರೆ ಬ್ಯಾಂಕಿನ ಎಟಿಎಂನಲ್ಲಿ ತಿಂಗಳಿಗೆ ಹೊಸೂರಲ್ಲಾದರೆ ಐದು ಸಲ ಉಚಿತ, ಬೆಂಗಳೂರಲ್ಲಾದರೆ ಮೂರೇ ಸಲ. ಬ್ಯಾಲೆನ್ಸ್ ನೋಡಿದ್ದೂ ಲೆಕ್ಕಕ್ಕೆ ಬರುತ್ತದೆ. ಮಿತಿ ದಾಟಿದರೆ ಸಲಕ್ಕೆ 23 ರೂಪಾಯಿವರೆಗೆ, ತೆರಿಗೆ ಬೇರೆ. ಬೆಳಿಗ್ಗೆ ಬಸ್ಸು ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ದುಡ್ಡನ್ನು ಈ ಕಡೆಯೇ ತೆಗೆದುಕೊಂಡರೆ ಲಾಭ. ಖಾತೆಯಲ್ಲಿ ಇರುವುದಕ್ಕಿಂತ ಹೆಚ್ಚು ಒತ್ತಿ ಎಟಿಎಂ ತಿರಸ್ಕರಿಸಿದರೂ ಹಲವು ಬ್ಯಾಂಕುಗಳು ಇಪ್ಪತ್ತು ಇಪ್ಪತ್ತೈದು ರೂಪಾಯಿ ಹಾಕುತ್ತವೆ. ಮೊಬೈಲಿನಲ್ಲಿ ಸಿನಿಮಾ ಆ್ಯಪಿಗೆ ಕೊಟ್ಟ ‘ಆಟೋಪೇ’ಯನ್ನು ಯುಪಿಐ ಆ್ಯಪಿನಲ್ಲೇ ನಿಲ್ಲಿಸಬಹುದು. ಹಣ ಎಳೆಯುವ 24 ಗಂಟೆ ಮೊದಲು ಅವರು ಸೂಚನೆ ಕೊಡಬೇಕು.

ಎಟಿಎಂನಲ್ಲಿ ದುಡ್ಡು ಬರದೆ ಖಾತೆಯಿಂದ ಹೋಯಿತೆಂದರೆ ಐದು ದಿನದೊಳಗೆ ವಾಪಸ್ ಹಾಕಬೇಕು. ತಪ್ಪಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ. ಅದರಿಂದ ಕಂತು ಬೌನ್ಸ್ ಆಗಿದ್ದರೆ ಆ ಚಾರ್ಜನ್ನೂ ದೂರಿನಲ್ಲಿ ಸೇರಿಸಿ.

ವಾಪಸ್ ಕೇಳುವುದು

ಹೋದ ದುಡ್ಡಿನಲ್ಲಿ ಎರಡು ಬಗೆ. ನಿಯಮ ಮೀರಿ ಮುರಿದದ್ದು, ನಿಯಮದಂತೆಯೇ ಮುರಿದದ್ದು. ತಿಂಗಳ ನೋಟಿಸಿಲ್ಲದ ಮಿನಿಮಮ್ ಬ್ಯಾಲೆನ್ಸ್ ದಂಡ, ಮೂಲ ಖಾತೆಗೆ ಹಾಕಿದ ದಂಡ, ನಿಷ್ಕ್ರಿಯ ಖಾತೆಗೆ ಹಾಕಿದ ದಂಡ, ಮೈನಸ್ ಮಾಡಿದ್ದು, ಇವೆಲ್ಲ ಮೊದಲನೆಯ ಬಗೆ. ಇವನ್ನು ಹಕ್ಕಿನಿಂದ ಕೇಳಿ. ಕಂತಿನ ಬೌನ್ಸ್ ಚಾರ್ಜು ಎರಡನೆಯದು. ಅಲ್ಲಿ ವಿನಂತಿ ಮಾಡಬೇಕು. ‘ಸಂಬಳ ಎರಡು ದಿನ ತಡವಾಯಿತು, ಮೊದಲ ಸಲ ಹೀಗಾಗಿದೆ, ಒಂದು ಚಾರ್ಜಾದರೂ ವಾಪಸ್ ಹಾಕಿಕೊಡಿ ಸಾರ್’ ಎಂದು ಕೇಳಿದರೆ ಒಪ್ಪುವ ಮ್ಯಾನೇಜರುಗಳಿದ್ದಾರೆ. ಎರಡನ್ನೂ ಒಂದೇ ದನಿಯಲ್ಲಿ ಕೇಳಿದರೆ ಎರಡೂ ಸಿಗದೆ ಹೋಗಬಹುದು.

ದೂರು ಮೊದಲು ಬ್ಯಾಂಕಿಗೇ ಹೋಗಬೇಕು. ಪತ್ರದಲ್ಲಿ ಹೆಚ್ಚು ಕಥೆ ಬೇಡ. ಇಷ್ಟಿದ್ದರೆ ಸಾಕು:

“ನನ್ನ ಉಳಿತಾಯ ಖಾತೆಯಿಂದ ಇಂಥ ದಿನಾಂಕಗಳಂದು ಮಿನಿಮಮ್ ಬ್ಯಾಲೆನ್ಸ್ ಚಾರ್ಜ್ ಎಂದು ಒಟ್ಟು ಇಷ್ಟು ರೂಪಾಯಿ ಮುರಿಯಲಾಗಿದೆ. ಇದಕ್ಕೆ ಒಂದು ತಿಂಗಳ ಮುಂಚೆ ನನಗೆ ನೋಟಿಸು ಬಂದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ ಈ ಹಣವನ್ನು ಹಿಂದಿರುಗಿಸಬೇಕೆಂದೂ, ಖಾತೆಯನ್ನು ಮೂಲ ಉಳಿತಾಯ ಖಾತೆಯಾಗಿ ಬದಲಿಸಬೇಕೆಂದೂ ಕೋರುತ್ತೇನೆ. ಪಾಸ್‌ಬುಕ್ ಪುಟದ ನಕಲು ಲಗತ್ತಿಸಿದ್ದೇನೆ.”

ಹೊಸೂರಿನ ಶಾಖೆಗೆ ಇದನ್ನು ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಬರೆಸಿ ಕೊಟ್ಟರೆ ಕೆಲಸ ಬೇಗ. ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರ ಕೈಯಲ್ಲೇ ಬರೆಸಿ. ನಕಲಿಗೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ಬ್ಯಾಂಕಿನ ಸಹಾಯವಾಣಿಗೆ ಫೋನಿನಲ್ಲಿ ಹೇಳಿದ್ದರೆ ದೂರಿನ ನಂಬರು ಬರೆದಿಟ್ಟುಕೊಳ್ಳಿ. ಆ ಸಹಾಯವಾಣಿಯ ನಂಬರನ್ನು ಪಾಸ್‌ಬುಕ್ಕಿನಿಂದ ಅಥವಾ ಕಾರ್ಡಿನ ಹಿಂಬದಿಯಿಂದ ತೆಗೆದುಕೊಳ್ಳಿ, ಗೂಗಲ್ಲಿನಲ್ಲಿ ಹುಡುಕಬೇಡಿ. ‘ನಿಮ್ಮ ಚಾರ್ಜ್ ವಾಪಸ್ ಮಾಡುತ್ತೇವೆ, ಓಟಿಪಿ ಹೇಳಿ’ ಎಂದು ಕರೆ ಮಾಡುವವರು ಬ್ಯಾಂಕಿನವರಲ್ಲ. ಹಾಗೆ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ, ಉತ್ತರ ಸಮಾಧಾನ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್, ಅಂದರೆ ದೂರು ವಿಚಾರಿಸುವ ಅಧಿಕಾರಿ, ಇದ್ದಾರೆ. ‘ಒಂದು ದೇಶ, ಒಂದು ಓಂಬುಡ್ಸ್‌ಮನ್’ ಎಂಬ ಏರ್ಪಾಡು 2021ರ ನವೆಂಬರ್ 12ರಂದು ಬಂತು. ಯಾವ ಊರಿನ ಶಾಖೆ, ಯಾವ ಕಚೇರಿಯ ವ್ಯಾಪ್ತಿ ಎಂದು ಹುಡುಕಬೇಕಿಲ್ಲ. ಶುಲ್ಕವಿಲ್ಲ, ವಕೀಲರು ಬೇಡ. ಬ್ಯಾಂಕಿನ ಉತ್ತರ ಬಂದ ಮೇಲೆ ತಡಮಾಡದೆ ದೂರು ಕೊಡಬೇಕು. ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಆರ್ಗ್ ಡಾಟ್ ಇನ್ ಎಂಬ ವೆಬ್‌ಸೈಟಿನಲ್ಲಿ ಹಾಕಬಹುದು. ಹೇಗೆ ಹಾಕುವುದೆಂದು ತಿಳಿಯಲು 14448ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ತಮಿಳು ತೆಲುಗಿನಲ್ಲೂ ಸಿಗುತ್ತದೆ.

ವೆಬ್‌ಸೈಟು ಬೇಡವೆಂದರೆ ಕಾಗದ. ಚಂಡೀಗಢದ ಸೆಕ್ಟರ್ 17ರಲ್ಲಿರುವ ರಿಸರ್ವ್ ಬ್ಯಾಂಕ್ ಕಚೇರಿಯಲ್ಲಿ ದೇಶದ ದೂರುಗಳನ್ನೆಲ್ಲ ಸ್ವೀಕರಿಸುವ ಕೇಂದ್ರವಿದೆ, ಪಿನ್ ಕೋಡ್ 160017. ಅಲ್ಲಿ ಯಾವ ಭಾಷೆಯ ಪತ್ರವನ್ನೂ ತೆಗೆದುಕೊಳ್ಳುತ್ತಾರೆ. ಅಂದರೆ ಮತ್ತಿಗಿರಿಯ ಶಾಖೆಯಲ್ಲಿ ನಡೆಯದ ಕನ್ನಡ ಚಂಡೀಗಢದಲ್ಲಿ ನಡೆಯುತ್ತದೆ. ದೂರಿನ ನಮೂನೆಯಲ್ಲಿ ಬ್ಯಾಂಕಿಗೆ ಮೊದಲು ಬರೆದ ತಾರೀಖನ್ನು ತಪ್ಪದೆ ತುಂಬಿ. ಅದಿಲ್ಲದ ಕಾರಣಕ್ಕೇ ತಿರಸ್ಕೃತವಾಗುವ ದೂರುಗಳುಂಟು. ಸೀಲು ಹಾಕಿದ ನಕಲು, ಪಾಸ್‌ಬುಕ್ ಪುಟ, ಬ್ಯಾಂಕಿನ ಉತ್ತರವಿದ್ದರೆ ಅದರ ಪ್ರತಿ, ಇಷ್ಟನ್ನು ಜೊತೆಗಿಟ್ಟು ರಸೀದಿ ಸಿಗುವ ಅಂಚೆಯಲ್ಲಿ ಕಳುಹಿಸಿ. ಮೂಲ ಪಾಸ್‌ಬುಕ್ಕನ್ನು ಮಾತ್ರ ಯಾರಿಗೂ ಕೊಡಬೇಡಿ.